ಅಂಗಡಿ ಮುಚ್ಚಿದ ಮೇಲೆ

ನಮ್ಮ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಕೇಳಿಬರುವ ಪ್ರಶ್ನೆಗಳು ಎರಡೇ. ಒಂದು, "ಹೋಳಿಗೆ ಇನ್ನೊಂದು ಹಾಕಲೇ?" ಇನ್ನೊಂದು, "ಈಗ ಎಲ್ಲಿ ಕೆಲಸ?" 2024ರ ಯುಗಾದಿ ಕಾರ್ಯಕ್ರಮದಲ್ಲಿ ಈ ಎರಡನೆಯ ಪ್ರಶ್ನೆಯನ್ನು ನಮ್ಮ ಮನೆಯವರಿಗೆ ನಾಲ್ಕು ಜನ ಕೇಳಿದರು. ನಾಲ್ವರಿಗೂ "ಅಲ್ಲೇ, ಅದೇ ಅಂಗಡಿಯಲ್ಲೇ" ಎಂಬ ಉತ್ತರ ಹೋಯಿತು. ಅದು ಸುಳ್ಳೇನೂ ಅಲ್ಲ, ಅಂಗಡಿಗೆ ಇನ್ನೂ ಒಂದು ದಿನ ಆಯುಷ್ಯವಿತ್ತು. ಒಂಬತ್ತು ವರ್ಷಗಳಲ್ಲಿ ಎಂದೂ ಶನಿವಾರ ಮುಖ ತೋರಿಸದಿದ್ದ ಮನುಷ್ಯ ಅಂದು ಪಂಕ್ತಿಯಲ್ಲಿ ಹೇಗೆ ಕುಳಿತಿದ್ದಾರೆ ಎಂದು ಯಾರಿಗೂ ಅನ್ನಿಸಲಿಲ್ಲ. ಅಂಗಡಿಯಲ್ಲಿ ಮಾರುವುದಕ್ಕೆ ಏನೂ ಉಳಿದಿರಲಿಲ್ಲ, ಹಾಗಾಗಿ ಬಿಡುವು ಸಿಕ್ಕಿತ್ತು, ಅಷ್ಟೆ.

ಸಂಪಾದಕರು ಈ ಸಂಚಿಕೆಗೆ ಮತ್ತೆ ವಿಜ್ಞಾನದ ಲೇಖನವನ್ನೇ ಕೇಳಿದ್ದರು. ಹುಣಸೆಹಣ್ಣು ಹಿತ್ತಾಳೆ ಪಾತ್ರೆಯನ್ನು ಏಕೆ ಬೆಳಗುತ್ತದೆ ಎಂದು ಹಿಂದೊಮ್ಮೆ ಬರೆದೆವು. ಓದಿದವರಲ್ಲಿ ಮೂವರು ಪಾತ್ರೆ ಬೆಳಗಿದರಂತೆ, ಸಂತೋಷ. ಈ ಸಲ ಬೇರೆಯದನ್ನು ಬರೆಯುತ್ತೇವೆ. ಕಳೆದ ಕೆಲವು ತಿಂಗಳಲ್ಲಿ ಕೂಟದ ಎರಡು ಮನೆಯವರು ದನಿ ತಗ್ಗಿಸಿ ಫೋನಿನಲ್ಲಿ ಕೇಳಿದ ಪ್ರಶ್ನೆಗಳು ನಮಗೆ ಬಹಳ ಪರಿಚಿತವಾಗಿದ್ದವು. ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲು ಎನಿಸಿತು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಎರಡು ಕಡೆ ಅವರೇ ಕೆಂಪು ಶಾಯಿಯಲ್ಲಿ ತಿದ್ದಿಯೂ ಇದ್ದಾರೆ.

ಮೊದಲಿಗೆ ಸ್ವಲ್ಪ ಪೂರ್ವಕಥೆ. ನಾವು ಇಲ್ಲಿ ಡಾಕ್ಟರೇಟ್ ಮಾಡುವಾಗ, ಆಮೇಲೆ ಪ್ರಯೋಗಾಲಯದ ಕೆಲಸ ಹಿಡಿದ ಮೇಲೆಯೂ, ಇವರು ಅವಲಂಬಿತರ ವೀಸಾದ ಮೇಲೆ ಮನೆಯಲ್ಲಿದ್ದರು. ದಾವಣಗೆರೆಯಲ್ಲಿ ಬಿ.ಕಾಂ. ಓದಿ ನಾಲ್ಕು ವರ್ಷ ಲೆಕ್ಕ ಬರೆದಿದ್ದವರು ನ್ಯೂ ಜೆರ್ಸಿಯ ಒಂದು ಕೋಣೆಯ ಮನೆಯಲ್ಲಿ ಕಿಟಕಿ ನೋಡುತ್ತ ಕುಳಿತ ಆ ವರ್ಷಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಚ್-4 ವೀಸಾದವರಲ್ಲಿ, ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದವರ ಮನೆಯವರಿಗೆ ಕೆಲಸ ಮಾಡುವ ಅನುಮತಿ ಸಿಕ್ಕಿದ್ದು 2015ರ ಮೇ 26ರಿಂದ. ಆ ವರ್ಷದ ಚಳಿಗಾಲಕ್ಕೆ ಮುಂಚೆಯೇ ಇವರು ಒಂದು ದೊಡ್ಡ ಗೃಹೋಪಯೋಗಿ ಸಾಮಾನಿನ ಅಂಗಡಿಗೆ ಸೇರಿದರು. ಕ್ರಿಸ್‌ಮಸ್ ಕಾಲಕ್ಕೆಂದು ತೆಗೆದುಕೊಂಡ ತಾತ್ಕಾಲಿಕ ಆಳು. ಮೂರು ವರ್ಷಕ್ಕೆ ಸರಕು ವಿಭಾಗದ ಮೇಲ್ವಿಚಾರಕರಾದರು. ಇಂಜಿನಿಯರುಗಳೇ ತುಂಬಿರುವ ನಮ್ಮ ಕೂಟದಲ್ಲಿ "ಅಂಗಡಿ ಕೆಲಸ" ಎಂದರೆ ಕೆಲವರ ಹುಬ್ಬು ಒಂದು ಅಂಗುಲ ಮೇಲೇರುತ್ತದೆ. ಆದರೆ ಅದು ಈ ದೇಶದಲ್ಲಿ ಅವರು ತಮ್ಮ ಹೆಸರಿನಲ್ಲಿ ಗಳಿಸಿದ ಮೊದಲ ಕೆಲಸ. ಅಂಗಡಿಯ ಬೀಗದ ಕೈ ಗೊಂಚಲನ್ನು ರಾತ್ರಿ ದೇವರ ಗೂಡಿನ ಪಕ್ಕದ ಮೊಳೆಗೇ ತೂಗುಹಾಕುತ್ತಿದ್ದರು.

2024ರ ಜನವರಿ ಮಧ್ಯದಲ್ಲಿ ಕಾಗದ ಬಂತು. ರಾಜ್ಯದಲ್ಲಿ ಆ ಸಂಸ್ಥೆಯ ಹಲವು ಅಂಗಡಿಗಳು ಏಪ್ರಿಲ್ 14ಕ್ಕೆ ಮುಚ್ಚುತ್ತವೆ, ತೊಂಬತ್ತು ದಿನದ ನೋಟೀಸು, ಎಂಟು ವರ್ಷ ತುಂಬಿದ ಕೆಲಸಕ್ಕೆ ಎಂಟು ವಾರದ ಸಂಬಳ. ಅಂಗಡಿಯವರ ಔದಾರ್ಯವೆಂದು ನಾವು ಅಂದುಕೊಂಡೆವು. ಅದು ಔದಾರ್ಯವಲ್ಲ, ಕಾನೂನು ಎಂದು ತಿಳಿದದ್ದು ಆಮೇಲೆ. ಆ ಕಾನೂನಿನ ಹಿಂದೆ ನಮ್ಮ ರಾಜ್ಯದ್ದೇ ಒಂದು ಕಥೆಯಿದೆ. ವೇನ್ ಊರಿನಲ್ಲಿ ಮುಖ್ಯ ಕಚೇರಿ ಇದ್ದ ಟಾಯ್ಸ್ ಆರ್ ಅಸ್ ಎಂಬ ಆಟಿಕೆ ಅಂಗಡಿಯನ್ನು 2005ರಲ್ಲಿ ಹಣಕಾಸಿನ ಸಂಸ್ಥೆಗಳು ಸಾಲದ ಭಾರ ಹೊರಿಸಿ ಕೊಂಡವು. 2017ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು, 2018ರಲ್ಲಿ ಈ ದೇಶದ ಅಂಗಡಿಗಳೆಲ್ಲ ಮುಚ್ಚಿದವು. ಸುಮಾರು 33 ಸಾವಿರ ಜನ ಬಿಡುಗಡೆಯ ಸಂಬಳವಿಲ್ಲದೆ ಮನೆಗೆ ಹೋದರು. ಅವರಲ್ಲಿ ಹಲವರು, ಹೆಚ್ಚಾಗಿ ಹೆಂಗಸರು, ಸುಮ್ಮನೆ ಕೂರದೆ ಶಾಸಕರ ಬಾಗಿಲು ಬಡಿದರು. ಹಳೆಯ ಒಡೆಯರಲ್ಲಿ ಇಬ್ಬರು ಆ ವರ್ಷದ ಕೊನೆಗೆ 2 ಕೋಟಿ ಡಾಲರಿನ ನಿಧಿ ಕೊಟ್ಟರು. ನ್ಯೂ ಜೆರ್ಸಿ ತನ್ನ ಕಾನೂನನ್ನು 2020ರಲ್ಲಿ ತಿದ್ದಿತು. ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 10ರಂದು. ಇಡೀ ದೇಶಕ್ಕೆ ಅನ್ವಯಿಸುವ 1988ರ ಕಾನೂನಿನಲ್ಲಿ ಅರವತ್ತು ದಿನದ ನೋಟೀಸು ಮಾತ್ರ ಇದೆ, ಸಂಬಳದ ಮಾತಿಲ್ಲ. ಇಲ್ಲಿ, ನೂರು ಜನರಿಗಿಂತ ಕಡಿಮೆಯಿಲ್ಲದ ಸಂಸ್ಥೆ ಐವತ್ತು ಅಥವಾ ಹೆಚ್ಚು ಜನರನ್ನು ಹೀಗೆ ಬಿಟ್ಟರೆ ತೊಂಬತ್ತು ದಿನ, ಮತ್ತು ಕೆಲಸ ಮಾಡಿದ ವರ್ಷಕ್ಕೊಂದು ವಾರದ ಸಂಬಳ. ನೋಟೀಸು ಕೊಡದಿದ್ದರೆ ಇನ್ನೂ ನಾಲ್ಕು ವಾರ ಸೇರಿಸಿ ಕೊಡಬೇಕು. ಆಟಿಕೆ ಮಾರಿದ ಆ ಹೆಂಗಸರನ್ನು ನಾವು ಕಂಡಿಲ್ಲ. ಅವರ ಋಣ ಮಾತ್ರ ನಮ್ಮ ಮನೆಯ ಮೇಲಿದೆ.

ಅಂಗಡಿ ಮುಚ್ಚುವುದನ್ನು ಹೊರಗಿನಿಂದ ಎಲ್ಲರೂ ನೋಡಿರುತ್ತೀರಿ. ಹಳದಿ ಕಪ್ಪು ಫಲಕ, "ಎಲ್ಲವೂ ಹೋಗಲೇಬೇಕು". ಒಳಗಿನಿಂದ ನೋಡಿದವರು ಹೇಳಿದ್ದು ಹೀಗೆ. ಮುಚ್ಚುವುದಕ್ಕೆಂದೇ ಬೇರೆ ಕಂಪನಿಗಳಿವೆ. ಅವರ ಒಬ್ಬ ಮನುಷ್ಯ ಸೂಟ್‌ಕೇಸು ಹಿಡಿದು ಬರುತ್ತಾನೆ, ಹತ್ತಿರದ ಹೋಟೆಲಿನಲ್ಲಿ ಉಳಿಯುತ್ತಾನೆ. ಅಂದಿನಿಂದ ಬೆಲೆ ಕಟ್ಟುವವನು ಅವನೇ. ಮೊದಲ ವಾರ ಬರೀ ಹತ್ತು ಪರ್ಸೆಂಟು ಇಳಿತ, ಕೆಲವು ಸಾಮಾನು ಹಿಂದಿನ ವಾರದ ಬೆಲೆಗಿಂತ ದುಬಾರಿಯೂ ಆಗಿರುತ್ತದಂತೆ. ಆದರೂ ಜನ ಮುಗಿಬೀಳುತ್ತಾರೆ. ಆಮೇಲೆ ವಾರವಾರಕ್ಕೂ ಇಳಿಸುತ್ತ ಹೋಗುತ್ತಾರೆ. ಕೊಂಡದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಉಳಿದ ಸಾಮಾನನ್ನು ಮುಂದಕ್ಕೆ ಎಳೆದು ಜೋಡಿಸಿ, ಹಿಂದಿನ ಅರ್ಧ ಅಂಗಡಿಗೆ ಪರದೆ ಕಟ್ಟುತ್ತಾರೆ. ಖಾಲಿ ಕಪಾಟು ಗಿರಾಕಿಯ ಕಣ್ಣಿಗೆ ಬೀಳಬಾರದು. ಕೊನೆಗೆ ಕಪಾಟು, ಗಾಡಿ, ನೌಕರರ ಊಟದ ಕೋಣೆಯ ಮೈಕ್ರೋವೇವು ಸಹ ಮಾರಾಟಕ್ಕೆ. ಒಂಬತ್ತು ವರ್ಷ ತಾವೇ ತುಂಬಿಸಿದ ಕಪಾಟುಗಳಿಗೆ ಇವರೇ ಬೆಲೆಚೀಟಿ ಅಂಟಿಸಿದರು. ಕೊನೆಯ ದಿನ ಒಂದು ಕಪಾಟನ್ನು ಐದು ಡಾಲರಿಗೆ ಕೊಂಡು, ಬಿಚ್ಚಿ, ಕಾರಿನ ಮೇಲೆ ಕಟ್ಟಿಕೊಂಡು ತಂದರು. ಏಕೆಂದು ನಾವು ಕೇಳಲಿಲ್ಲ.

ಮಾರನೆಯ ದಿನದಿಂದ ನಾವು ಮಾಡಿದ್ದೇ ತಪ್ಪು. ಯಾರಿಗೂ ಹೇಳಲಿಲ್ಲ. ಕೂಟದವರಿಗೆ ಹೇಳಲಿಲ್ಲ, ದಾವಣಗೆರೆಯ ಮಾವನವರಿಗೆ ಹೇಳಲಿಲ್ಲ, ನಮ್ಮ ಆಫೀಸಿನವರಿಗೂ ಹೇಳಲಿಲ್ಲ. ಎಂಟು ವರ್ಷದ ಮಗಳಿಗೆ "ಅಪ್ಪನಿಗೆ ರಜೆ" ಎಂದೆವು. ಇವರು ಹಗಲೆಲ್ಲ ಕೂತು ಅರ್ಜಿ ಕಳಿಸುತ್ತಿದ್ದರು. ನಿರುದ್ಯೋಗ ವಿಮೆಗೆ ಅರ್ಜಿ ಹಾಕೋಣವೇ ಎಂದು ಒಮ್ಮೆ ಕೇಳಿದಾಗ "ಸರ್ಕಾರದ ಭಿಕ್ಷೆ ಬೇಡ" ಎಂದರು. ಡಾಕ್ಟರೇಟ್ ಪಡೆದ ನಾವೂ ಆ ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡೆವು. ಪ್ರಯೋಗಾಲಯದಲ್ಲಾದರೆ ಬಾಟಲಿಯ ಮೇಲಿನ ಚೀಟಿಯನ್ನೂ ನಂಬುವುದಿಲ್ಲ.

ಗುಟ್ಟನ್ನು ಬಯಲು ಮಾಡಿದ್ದು ಮಗಳು. ಕೂಟದ ಭಾನುವಾರದ ಕನ್ನಡ ತರಗತಿಯಲ್ಲಿ "ನನ್ನ ಮನೆ" ಎಂಬ ವಿಷಯದ ಮೇಲೆ ಐದು ವಾಕ್ಯ ಹೇಳಬೇಕಿತ್ತು. ನಾಲ್ಕನೆಯ ವಾಕ್ಯ: "ನಮ್ಮ ಅಪ್ಪನಿಗೆ ರಜೆ ಇದೆ, ಅದು ಮುಗಿಯುವುದೇ ಇಲ್ಲ." ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಅಂದು ರಾತ್ರಿ ತರಗತಿಯ ಮೇಡಂ ಫೋನ್ ಮಾಡಿದರು. ಅನುಕಂಪದ ಮಾತು ಒಂದೂ ಇಲ್ಲ. "ಏನಮ್ಮಾ, ಎಷ್ಟು ವಾರವಾಯಿತು? ವಿಮೆಗೆ ಅರ್ಜಿ ಹಾಕಿದ್ದೀರಾ? ಇಲ್ಲವಾ? ಅಯ್ಯೋ ದೇವರೇ, ನಮ್ಮ ಯಜಮಾನರಿಗೆ ಕೊಡ್ತೀನಿ ಇರಿ" ಎಂದರು. ಅವರ ಯಜಮಾನರು ಎಡಿಸನ್ನಿನಲ್ಲಿ ಇಪ್ಪತ್ತು ವರ್ಷ ಜನರ ತೆರಿಗೆ ಲೆಕ್ಕ ಬರೆದು ನಿವೃತ್ತರಾದವರು. ಮಾರನೆಯ ಸಂಜೆಯೇ ಕನ್ನಡಕ, ಸ್ಟೇಪ್ಲರು ಸಮೇತ ನಮ್ಮ ಅಡಿಗೆಮನೆಯ ಮೇಜಿಗೆ ಬಂದು ಕುಳಿತರು.

ಅವರು ಮೊದಲು ಮಾಡಿದ ಕೆಲಸವೆಂದರೆ ಇವರ ಹಳೆಯ ಸಂಬಳದ ಚೀಟಿಯನ್ನು ತರಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟದ್ದು. ನಿರುದ್ಯೋಗ ವಿಮೆಗೆ ನೌಕರನ ಸಂಬಳದಿಂದಲೂ ಹಣ ಮುರಿದುಕೊಳ್ಳುವ ರಾಜ್ಯಗಳು ಈ ದೇಶದಲ್ಲಿ ಮೂರೇ: ಅಲಾಸ್ಕ, ಪೆನ್ಸಿಲ್ವೇನಿಯ, ನಮ್ಮ ನ್ಯೂ ಜೆರ್ಸಿ. "ಒಂಬತ್ತು ವರ್ಷ ಕಂತು ಕಟ್ಟಿದ್ದೀರಿ. ಕಾರಿಗೆ ಡಿಕ್ಕಿಯಾದರೆ ವಿಮೆ ಕೇಳುವುದು ಭಿಕ್ಷೆಯೇ?" ಎಂದು ಕೇಳಿದರು. ಇವರು ಉತ್ತರ ಕೊಡಲಿಲ್ಲ. ಕಂಪ್ಯೂಟರನ್ನು ಹತ್ತಿರ ಎಳೆದುಕೊಂಡರು.

ಆಗ ತಿಳಿದದ್ದು, ಇಲ್ಲಿ ಕ್ಲೇಮು ಶುರುವಾಗುವುದು ಕೆಲಸ ಹೋದ ದಿನದಿಂದಲ್ಲ, ಅರ್ಜಿ ಹಾಕಿದ ವಾರದ ಭಾನುವಾರದಿಂದ. ಸರಾಸರಿ ವಾರದ ಸಂಬಳದ ನೂರಕ್ಕೆ ಅರವತ್ತು, 2024ರಲ್ಲಿ ಹೆಚ್ಚೆಂದರೆ ವಾರಕ್ಕೆ 854 ಡಾಲರು, ಅದೂ ಹೆಚ್ಚೆಂದರೆ ಇಪ್ಪತ್ತಾರು ವಾರ. ನಾವು ಮಾನ ಕಾಪಾಡಿಕೊಂಡು ಕುಳಿತ ಐದು ವಾರಗಳಿಗೆ ಬಿಡಿಗಾಸೂ ಬರಲಿಲ್ಲ. ಆ ಮೊತ್ತವನ್ನು ನಾವು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದಿದ್ದೇವೆ. ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ನಮ್ಮ ಅಮ್ಮನೂ ಇದ್ದಾರೆ.

ಅದಕ್ಕಿಂತ ಹೆದರಿಸಿದ್ದು ಆರೋಗ್ಯ ವಿಮೆ. ಇವರೂ ಮಗಳೂ ಅಂಗಡಿಯ ವಿಮೆಯಲ್ಲಿದ್ದರು, ಅದು ಏಪ್ರಿಲ್ ಕೊನೆಗೆ ಮುಗಿದಿತ್ತು. ಹೀಗೆ ಒಬ್ಬರ ವಿಮೆ ಹೋದಾಗ ಗಂಡ ಅಥವಾ ಹೆಂಡತಿಯ ಆಫೀಸಿನ ವಿಮೆಗೆ ವರ್ಷದ ನಡುವೆಯೂ ಸೇರಬಹುದು, ಆದರೆ ಸಾಮಾನ್ಯವಾಗಿ ಮೂವತ್ತು ದಿನದೊಳಗೆ ಕೇಳಬೇಕು. ಆ ಗಡುವಿನ ವಿಷಯ ನಮಗೆ ಗೊತ್ತೇ ಇರಲಿಲ್ಲ. ಆಫೀಸಿನಲ್ಲಿ ಬಾಯಿ ಬಿಟ್ಟಿದ್ದರೆ ಮೊದಲ ದಿನವೇ ಯಾರಾದರೂ ಹೇಳುತ್ತಿದ್ದರು. ನಾವು ಹೋಗಿ ಕೇಳಿದ್ದು ಇಪ್ಪತ್ತನಾಲ್ಕನೆಯ ದಿನ. ಗಡುವು ತಪ್ಪಿದ್ದರೆ ಉಳಿಯುವ ದಾರಿ 'ಕೋಬ್ರ' (ಹಾವಿಗೂ ಇದಕ್ಕೂ ಸಂಬಂಧವಿಲ್ಲ, 1986ರಲ್ಲಿ ಬಂದ ಕಾನೂನಿನ ಹೆಸರು): ಹಳೆಯ ವಿಮೆಯನ್ನೇ ಹದಿನೆಂಟು ತಿಂಗಳವರೆಗೆ ಇಟ್ಟುಕೊಳ್ಳಬಹುದು, ಆದರೆ ಅಂಗಡಿಯ ಪಾಲನ್ನೂ ನಾವೇ ಕಟ್ಟಬೇಕು, ಮೇಲೆ ನೂರಕ್ಕೆ ಎರಡರವರೆಗೆ ಖರ್ಚು ಬೇರೆ. ಇಲ್ಲವಾದರೆ ರಾಜ್ಯದ ವಿಮಾ ಮಾರುಕಟ್ಟೆಗೆ ಅರವತ್ತು ದಿನದೊಳಗೆ ಹೋಗಬೇಕು. ನಮಗೆ ಗ್ರೀನ್ ಕಾರ್ಡು ಬಂದು ಎರಡು ವರ್ಷವಾಗಿತ್ತು, ಅದೊಂದು ಪುಣ್ಯ. ಎಚ್-1ಬಿ ಮೇಲಿರುವವರಿಗೆ ಕೆಲಸ ಹೋದ ಮೇಲೆ ಸಿಗುವುದೇ ಹೆಚ್ಚೆಂದರೆ ಅರವತ್ತು ದಿನ. ಅವರು ಐದು ವಾರ ಮುಚ್ಚಿಟ್ಟರೆ ಉಳಿಯುವುದು ಎಷ್ಟು ಎಂಬ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು.

ಮಾವನವರಿಗೆ ಆ ಶನಿವಾರ ಹೇಳಿದೆವು. ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು, ಊರಿನ ತುಂಬ ಹತ್ತಿ ಗಿರಣಿಗಳು. ಅವು ಒಂದೊಂದಾಗಿ ಮುಚ್ಚಿಹೋದವು. ಮಾವನವರು ಅಂಥ ಒಂದು ಗಿರಣಿಯ ಗುಮಾಸ್ತೆ. ಗಿರಣಿ ಮುಚ್ಚಿದಾಗ ಇವರು ಸಣ್ಣ ಹುಡುಗ. ಅಪ್ಪ ದಾರ, ಗುಂಡಿ, ಲೈನಿಂಗ್ ಬಟ್ಟೆಯ ಒಂದು ಸಣ್ಣ ಅಂಗಡಿ ಇಟ್ಟದ್ದು ಮಾತ್ರ ನೆನಪು. ಅಂಥವರಿಗೆ ಈ ಸುದ್ದಿ ಹೇಳಿದರೆ ಎದೆ ಒಡೆಯುತ್ತದೆ ಎಂದು ಇವರ ಭಯ. ಫೋನಿನಲ್ಲಿ ಸ್ವಲ್ಪ ಹೊತ್ತು ಆ ಕಡೆ ಮೌನ. ಆಮೇಲೆ, "ಮಿಲ್ಲು ಮುಚ್ಚಿದ ದಿನ ಸಂಜೇನೇ ನಾನು ನಿಮ್ಮವ್ವಗೆ ಹೇಳಿದ್ದೆ ಕಣಪ್ಪ. ನೀನ್ಯಾಕೆ ಐದು ವಾರ ಹೊಟ್ಟೇಲಿ ಇಟ್ಕಂಡಿದ್ದೆ?" ಎಂದರು. ಇನ್ನೂ ಸ್ವಲ್ಪ ತಡೆದು, "ಕಿರ್ದಿ ಬರೀತಿದೀಯೋ ಇಲ್ಲೋ?" ಎಂದು ಕೇಳಿದರು. ಇವರು ಫೋನ್ ಇಟ್ಟ ಮೇಲೆ ಹಿತ್ತಲಿಗೆ ಹೋಗಿ ಅರ್ಧ ಗಂಟೆ ಹುಲ್ಲು ಕತ್ತರಿಸಿದರು, ಹಿಂದಿನ ದಿನವಷ್ಟೇ ಕತ್ತರಿಸಿದ ಹುಲ್ಲನ್ನು.

ಕಿರ್ದಿಗೆ ನಮ್ಮ ಹತ್ತಿರ ಪುಸ್ತಕ ಸಿದ್ಧವಿತ್ತು. ನಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕದ ನಿಯಮ ಎಲ್ಲ ರಸಾಯನಜ್ಞರಿಗೂ ಗೊತ್ತು: ದಿನಾಂಕ ಹಾಕಬೇಕು, ಶಾಯಿಯಲ್ಲಿ ಬರೆಯಬೇಕು, ಹಾಳೆ ಹರಿಯಬಾರದು, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ. ಅಂಥದೇ ಒಂದು ಪುಸ್ತಕ ಕೊಂಡು ಎಡಪುಟಕ್ಕೆ ಮನೆಯ ಖರ್ಚು, ಬಲಪುಟಕ್ಕೆ ಇವರ ಅರ್ಜಿಗಳು. ಜೂನ್ ಕೊನೆಗೆ ಬಲಪುಟಗಳಲ್ಲಿ ನಲವತ್ತಮೂರು ಅರ್ಜಿ, ನಾಲ್ಕು ಉತ್ತರ, ನಾಲ್ಕೂ ನಕಾರ. ನಮಗೆ ಒಂದು ಪ್ರಯೋಗ ನಲವತ್ತಮೂರು ಸಲ ಕೆಟ್ಟರೆ ಕೈಯನ್ನು ದೂರುವುದಿಲ್ಲ, ವಿಧಾನವನ್ನು ನೋಡುತ್ತೇವೆ. ಇವರ ರೆಸ್ಯೂಮೆಯನ್ನು ಆಗ ಮೊದಲ ಸಲ ಪೂರ್ತಿ ಓದಿದೆವು. "ಗ್ರಾಹಕ ಸೇವೆಯಲ್ಲಿ ಅನುಭವ, ತಂಡದಲ್ಲಿ ಕೆಲಸ ಮಾಡಬಲ್ಲೆ." ಇದು ಯಾರ ರೆಸ್ಯೂಮೆಯಾದರೂ ಆಗಬಹುದಿತ್ತು. ಹಾಗಾದರೆ ಒಂಬತ್ತು ವರ್ಷ ದಿನವಿಡೀ ಏನು ಮಾಡಿದಿರಿ ಎಂದು ಕೇಳಿ, ಎರಡು ಸಂಜೆ ಅವರು ಹೇಳಿದ್ದನ್ನು ಬರೆದುಕೊಂಡೆವು. ವಾರಕ್ಕೆ ಎಷ್ಟು ಲಾರಿ ಇಳಿಸುತ್ತಿದ್ದರು, ಎಷ್ಟು ಬಗೆಯ ಸಾಮಾನು, ವರ್ಷಕ್ಕೊಮ್ಮೆ ಇಡೀ ಅಂಗಡಿಯ ಎಣಿಕೆ ಒಂದೇ ರಾತ್ರಿಯಲ್ಲಿ ಹೇಗೆ ಮುಗಿಸುತ್ತಿದ್ದರು, ಪುಸ್ತಕದಲ್ಲಿದ್ದು ಕಪಾಟಿನಲ್ಲಿಲ್ಲದ ಸರಕು ಎಲ್ಲಿ ಹೋಯಿತೆಂದು ಹುಡುಕುವ ಬಗೆ, ನವೆಂಬರಿನಲ್ಲಿ ಸೇರಿದ ಹುಡುಗರಿಗೆ ಮೂರು ದಿನದಲ್ಲಿ ಕೆಲಸ ಕಲಿಸುವುದು. ಮದುವೆಯಾಗಿ ಹದಿಮೂರು ವರ್ಷವಾಗಿತ್ತು. ಅವರ ಕೆಲಸ ಏನೆಂದು ನಮಗೆ ಗೊತ್ತಾದದ್ದು ಆ ಎರಡು ಸಂಜೆ.

ಗೊತ್ತಾಗುವ ಮುನ್ನ ನಾವು ಮಾಡಿದ ಇನ್ನೊಂದು ತಪ್ಪನ್ನೂ ಬರೆದುಬಿಡಬೇಕು. ಮೇ ತಿಂಗಳಲ್ಲಿ ಪರಿಚಿತರೊಬ್ಬರು ಫೋನ್ ಮಾಡಿದಾಗ, "ಇವರು ಈಗ ಕನ್ಸಲ್ಟಿಂಗ್ ಮಾಡ್ತಿದ್ದಾರೆ" ಎಂದುಬಿಟ್ಟೆವು. ಇವರು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದರು. ಏನೂ ಅನ್ನಲಿಲ್ಲ. ರಾತ್ರಿ ಮಗಳು ಮಲಗಿದ ಮೇಲೆ, "ಊರಿನವರಿಗೆ ನಾಚಿಕೆಯಾಗಲಿ ಬಿಡು, ನಿನಗೂ ಆಗುತ್ತದೆ ಅಂತ ಗೊತ್ತಿರಲಿಲ್ಲ" ಎಂದರು. ಅದಕ್ಕೆ ಆಗಲೂ ಉತ್ತರವಿರಲಿಲ್ಲ. ಆ ವಾರ ಮನೆಯಲ್ಲಿ ಮಾತು ಬಹಳ ಕಡಿಮೆ. ಮುಂದಿನ ಭಾನುವಾರ ಆ ಪರಿಚಿತರಿಗೆ ನಾವೇ ಫೋನ್ ಮಾಡಿ, ಕನ್ಸಲ್ಟಿಂಗ್ ಇಲ್ಲ, ಕೆಲಸ ಹೋಗಿದೆ, ಹುಡುಕುತ್ತಿದ್ದಾರೆ ಎಂದೆವು. ಆ ಕಡೆಯಿಂದ ಬಂದದ್ದು, "ನಮ್ಮ ತಮ್ಮನಿಗೂ ಹಾಗೇ ಆಗಿದೆ, ನಾವೂ ಯಾರಿಗೂ ಹೇಳಿಲ್ಲ."

ಅಡಿಗೆಮನೆ ಬೇಸಿಗೆಯ ಹೊತ್ತಿಗೆ ಪೂರ್ತಿ ಇವರ ಕೈಗೆ ಹೋಯಿತು. ಸರಕಿನ ಮನುಷ್ಯನಲ್ಲವೇ, ಮೊದಲ ವಾರದಲ್ಲೇ ಬೇಳೆ ಡಬ್ಬಿಗಳಿಗೆಲ್ಲ ದಿನಾಂಕದ ಚೀಟಿ ಬಿದ್ದವು. ಹಿಂದಿನ ಸಾಲಿನಲ್ಲಿ ಮೂರು ಪೊಟ್ಟಣ ಹೆಸರುಬೇಳೆ ಮರೆತು ಕುಳಿತಿದ್ದವು. ಆ ತಿಂಗಳು ಕೋಸಂಬರಿಯೋ ಕೋಸಂಬರಿ. ಸಾರಿನ ಪುಡಿಯ ವಿಷಯದಲ್ಲಿ ನಾವು ಮೂಗು ತೂರಿಸಿ ಒಂದು ದೊಡ್ಡ ಜಗಳವಾಯಿತು. ಮೈಸೂರಿನ ಸಾರೂ ದಾವಣಗೆರೆಯ ಸಾರೂ ಇವತ್ತಿಗೂ ರಾಜಿಯಾಗಿಲ್ಲ.

ಕೆಲಸ ಸಿಕ್ಕಿದ ಬಗೆ ಹೇಳಿ ಮುಗಿಸುತ್ತೇವೆ. ಟರ್ನ್‌ಪೈಕಿನ 8ಎ ನಿರ್ಗಮನದ ಸುತ್ತ, ಕ್ರಾನ್‌ಬರಿ, ಮನ್ರೋ ಕಡೆ, ಮೈಲುಗಟ್ಟಲೆ ಉಗ್ರಾಣಗಳಿವೆ. ಅವುಗಳಲ್ಲಿ ಔಷಧಿ ಇಡುವ ಒಂದು ಕಡೆ ದಾಸ್ತಾನು ನೋಡಿಕೊಳ್ಳುವವರು ಬೇಕು ಎಂದು ಕೂಟದವರೇ ಒಬ್ಬರು ಹೇಳಿದರು, ಅದೂ ನಾವು ಬಾಯಿ ಬಿಟ್ಟ ಮೇಲೆ. ಹೊಸ ರೆಸ್ಯೂಮೆ ಹೋಯಿತು, ಸಂದರ್ಶನಕ್ಕೆ ಕರೆ ಬಂತು. ಔಷಧಿಯ ಭಾಷೆ ಮಾತ್ರ ಅವರಿಗೆ ಹೊಸದು, ನಮಗೆ ಅದು ದಿನದ ಅನ್ನ. ಹತ್ತು ರಾತ್ರಿ ಪಾಠ ನಡೆಯಿತು. ಅಂಗಡಿಯಲ್ಲಿ ಮೊದಲು ಬಂದದ್ದು ಮೊದಲು ಹೋಗಬೇಕು. ಔಷಧಿಯಲ್ಲಿ ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕು, ಯಾವಾಗಲೇ ಬಂದಿರಲಿ. ಶೀತದಲ್ಲಿಡುವ ಔಷಧಿಗೆ 2ರಿಂದ 8 ಡಿಗ್ರಿ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿಸಿ ಪ್ರಯೋಜನವಿಲ್ಲ, ಎಸೆಯಬೇಕು. 2013ರ ಕಾನೂನಿನಿಂದಾಗಿ ವೈದ್ಯರ ಚೀಟಿಯ ಔಷಧಿಯ ಪ್ರತಿ ಪೊಟ್ಟಣಕ್ಕೂ ಅದರದೇ ಸಂಖ್ಯೆ ಇರುತ್ತದೆ. ಸಂಶಯ ಬಂದ ಸರಕನ್ನು ಬೇರೆ ಕಟ್ಟೆಗೆ ಸರಿಸಿ, ಬಿಡುಗಡೆಯ ಸಹಿ ಬರುವವರೆಗೆ ಮುಟ್ಟಬಾರದು. "ಹಾಗಾದರೆ ನಮ್ಮವ್ವನ ಮಡಿ ಇದ್ದ ಹಾಗೆ" ಎಂದರು ಇವರು. ಇದಕ್ಕಿಂತ ಒಳ್ಳೆಯ ವಿವರಣೆ ನಮಗೂ ಹೊಳೆದಿರಲಿಲ್ಲ. ಈಗ ಹೊಸದಾಗಿ ಸೇರಿದ ಸಹಾಯಕರಿಗೆ ಇಂಗ್ಲಿಷಿನಲ್ಲಿ ಅದನ್ನೇ ಹೇಳಲು ಹೋಗಿ ಸೋತಿದ್ದೇವೆ.

2024ರ ಸೆಪ್ಟೆಂಬರಿನಲ್ಲಿ ಸೇರಿದರು. ಸಂಬಳ ಅಂಗಡಿಯದಕ್ಕಿಂತ ಸ್ವಲ್ಪ ಕಡಿಮೆಯಿಂದ ಶುರುವಾಯಿತು, ಈಗ ಹತ್ತಿರ ಬಂದಿದೆ. ಬೆಳಿಗ್ಗೆ ಆರಕ್ಕೆ ಹೋಗಿ ಮೂರಕ್ಕೆ ಬರುತ್ತಾರೆ. ಮಗಳ ಶಾಲೆಯ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ಒಬ್ಬರಿರುತ್ತಾರೆ ಎಂಬುದು ನಮ್ಮ ಮನೆಗೆ ಹೊಸದು. ಆ ವರ್ಷದ ದೀಪಾವಳಿ ಮತ್ತು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಬಂದು, ಬಡಿಸುವವರ ಸಾಲಿನಲ್ಲಿ ನಿಂತರು. ಅಂಗಡಿಯವರಿಗೆ ನವೆಂಬರು ಎಂದರೆ ಹಬ್ಬವಲ್ಲ, ಸುಗ್ಗಿ. ಅದು ಎಷ್ಟು ಜನಕ್ಕೆ ಗೊತ್ತಿತ್ತೋ ತಿಳಿಯದು. ಪಂಕ್ತಿಯಲ್ಲಿ ಯಾರೋ "ಈಗ ಎಲ್ಲಿ ಕೆಲಸ?" ಎಂದರು. ಇವರು ಪಲ್ಯದ ಪಾತ್ರೆ ಹಿಡಿದುಕೊಂಡೇ ಅಂಗಡಿಯಿಂದ ಉಗ್ರಾಣದವರೆಗೆ ಎಲ್ಲವನ್ನೂ ಹೇಳಿದರು. ಹಿಂದಿನ ಎಲೆಯವರು ಪಲ್ಯಕ್ಕಾಗಿ ಕಾಯಬೇಕಾಯಿತು.

ಐದು ಡಾಲರಿನ ಆ ಕಪಾಟು ನಮ್ಮ ಗ್ಯಾರೇಜಿನಲ್ಲಿ ಎಂಟು ತಿಂಗಳು ಬಿಚ್ಚಿದ ಹಾಗೆಯೇ ಬಿದ್ದಿತ್ತು. ಕಳೆದ ಚಳಿಗಾಲದಲ್ಲಿ ಒಂದು ಶನಿವಾರ ಇವರು ಅದನ್ನು ಜೋಡಿಸಿದರು. ಕೂಟದ ಐವತ್ತು ಸೇರಿನ ಅನ್ನದ ತಪ್ಪಲೆ, ಹೋಳಿಗೆ ತವ, ಸೌಟುಗಳು, ಉಳಿದ ಬಾಳೆಎಲೆಯಾಕಾರದ ತಟ್ಟೆಗಳು ಈಗ ಅದರ ಮೇಲಿವೆ, ಒಂದೊಂದಕ್ಕೂ ಚೀಟಿ ಅಂಟಿಸಿದೆ. ಬೇಕಾದವರು ಶನಿವಾರ ಬಂದು ಒಯ್ಯಬಹುದು, ಇವರು ಮನೆಯಲ್ಲಿರುತ್ತಾರೆ. ದೊಡ್ಡ ಜಾಲರಿ ಸೌಟು ಎಣಿಕೆಯಲ್ಲಿ ಒಂದು ಕಡಿಮೆ ಬರುತ್ತಿದೆ. ಯಾರ ಮನೆಯಲ್ಲಿದೆಯೋ ದಯವಿಟ್ಟು ತಂದುಕೊಡಿ.